ಮಗು ಸಾಕುವ ಪಾಠ ಯಾರಿಗೆ, ಯಾವಾಗ?

ಎಸ್.ಎಸ್.ಎಲ್.ಸಿ. ಮುಗಿಸಿ ಹೊರಬರುವ ಹುಡುಗನಿಗೆ ವೃತ್ತದ ವಿಸ್ತೀರ್ಣ ತೆಗೆಯಲು ಬರುತ್ತದೆ. ಪಾಣಿಪತ್ತದ ಯುದ್ಧಗಳು ನಡೆದ ವರ್ಷಗಳೂ ಬಾಯಿಗೆ ಬರುತ್ತವೆ. ಆದರೆ ಹತ್ತು ವರ್ಷದೊಳಗೆ ತನ್ನ ತೋಳಿಗೇ ಬರಲಿರುವ ಕೂಸಿಗೆ ಭೇದಿ ಹತ್ತಿದರೆ ಏನು ಮಾಡಬೇಕೆಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಹೈಸ್ಕೂಲಿನಲ್ಲಿ ಶಿಶುಪಾಲನೆಯನ್ನು ಕಲಿಸಬೇಕು, ಅದರಲ್ಲಿ ಪಾಸಾಗದವರಿಗೆ ಸರ್ಟಿಫಿಕೇಟು ಕೊಡಕೂಡದು ಎಂದು ವಾದಿಸುವವರಿದ್ದಾರೆ. ಈ ಮಾತಿನ ಮೊದಲರ್ಧಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ. ಎರಡನೆಯ ಅರ್ಧವನ್ನು ನಾವು ವಿರೋಧಿಸುತ್ತೇವೆ.

ಪಾಠ ಬೇಕೆಂಬುದು ನಿರ್ವಿವಾದ. ಮೊದಲು ಈ ವಿದ್ಯೆಯನ್ನು ಮನೆಯ ಹಿರಿಯ ಹೆಂಗಸರು ಕಲಿಸುತ್ತಿದ್ದರು. ಹಳ್ಳಿ ಬಿಟ್ಟು ಗಿರಣಿ ಕೆಲಸಕ್ಕೆ ಬಂದು, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಗಂಡಹೆಂಡಿರಿಗೆ ಆ ಅಜ್ಜಿ ಎಲ್ಲಿ ಸಿಗಬೇಕು? ಅಜ್ಜಿ ಹೇಳಿದ್ದೆಲ್ಲ ಸರಿಯೆಂದೂ ಅಲ್ಲ. ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಆ ಹಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆಯಿತ್ತು.

ಕಲಿಸಬೇಕಾದದ್ದೇನೂ ಬಹಳವಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳವರೆಗೆ ಅದೊಂದೇ, ನೀರೂ ಬೇಡ. ಆರು ತುಂಬಿದ ಮೇಲೆ ಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನಬೇಳೆ. ಭೇದಿಯಾದಾಗ ಸರಕಾರಿ ಆಸ್ಪತ್ರೆಯ ಓ.ಆರ್.ಎಸ್. ಪೊಟ್ಟಣ, ಅದು ಕೈಗೆ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಯಾವ ಚುಚ್ಚುಮದ್ದು ಯಾವ ತಿಂಗಳಿಗೆ, ಕೂಸಿನೊಡನೆ ಮಾತಾಡುವುದೇಕೆ, ಹೊಡೆದು ಬೆಳೆಸಿದರೆ ಆಗುವ ಕೇಡೇನು, ಇಷ್ಟು. ಇದಕ್ಕೆ ಪ್ರಯೋಗಶಾಲೆ ಬೇಡ. ಅಕ್ಕಪಕ್ಕದ ಅಂಗನವಾಡಿಯೇ ಸಾಕು.

ಈ ಪಾಠ ಹುಡುಗಿಯರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. 1952–53ರ ಮುದಲಿಯಾರ್ ಆಯೋಗ ಹುಡುಗಿಯರಿಗೆ ಗೃಹವಿಜ್ಞಾನ ಕಲಿಯುವ ಅನುಕೂಲ ಇರಬೇಕೆಂದಿತು. ಹತ್ತು ವರ್ಷ ಕಳೆಯುವುದರೊಳಗೆ ಹಂಸಾ ಮೆಹ್ತಾ ಸಮಿತಿ, ಗಂಡುಹೆಣ್ಣೆಂದು ಪಾಠವನ್ನು ಬೇರೆ ಮಾಡುವುದು ಬೇಡವೆಂದು ಹೇಳಿತು. ಆ ಸಮಿತಿಯ ಮಾತೇ ನ್ಯಾಯ. ರಾತ್ರಿ ಪಾಳಿಗೆ ಹೆಂಡತಿ ಹೋದಾಗ ತೊಟ್ಟಿಲು ತೂಗಬೇಕಾದವನು ಗಂಡನೇ ಅಲ್ಲವೇ?

ಇನ್ನು ಪಾಸಿನ ಷರತ್ತಿನ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ ಮಕ್ಕಳ ಕೈ ಹಿಡಿಯುತ್ತದೆ. ಅನಂತರ ಬಡವರ ಮಗ ಅಂಗಡಿಗೋ ಗ್ಯಾರೇಜಿಗೋ ಹೋಗುತ್ತಾನೆ. ಮಗಳು ಹಸೆಮಣೆಗೆ ಹೋಗುತ್ತಾಳೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ನೂರಕ್ಕೆ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಎಲ್ಲರಿಗಿಂತ ಮೊದಲು ತಾಯಿಯಾಗುವವಳು ಹತ್ತನೆಯ ತರಗತಿಯ ಬೆಂಚಿಗೆ ಬರುವುದೇ ಇಲ್ಲ. ಸರ್ಟಿಫಿಕೇಟಿನ ಬಾಗಿಲಲ್ಲಿ ಕಾವಲು ನಿಲ್ಲಿಸಿದ ಪಾಠ ಅವಳಿಗೆ ತಲುಪುವುದು ಹೇಗೆ? ಬಂದು ಕುಳಿತವರಿಗಾದರೂ ಅದು ಇನ್ನೊಂದು ಅಡ್ಡಗೋಡೆಯಷ್ಟೆ. ಪರೀಕ್ಷೆಗಿಟ್ಟ ಪಾಠ ಮರುವರ್ಷವೇ ಗೈಡು ಪುಸ್ತಕಕ್ಕೆ ಸೇರುತ್ತದೆ, ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಇದು ಮೇಷ್ಟರ ಕೆಲಸ ಮಾಡಿದ ಯಾರಿಗೂ ಗೊತ್ತಿರುವ ಸಂಗತಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಬಡವರಿಗೆ ಮಕ್ಕಳನ್ನು ಸಾಕಲು ತಿಳಿಯದು, ಅದಕ್ಕೇ ಮಕ್ಕಳು ಸೊರಗಿವೆ ಎಂದು ಹೇಳಿ ಕೈತೊಳೆದುಕೊಳ್ಳಲು ಈ ಪಾಠ ನೆವವಾಗಕೂಡದು. ಸರಿ ಮಾಡಲು ರಾಗಿ ಬೇಕು, ರಾಗಿಗೆ ಕೂಲಿ ಬೇಕು, ಉಣಿಸಲು ಹೊತ್ತು ಬೇಕು. ಹೆಂಗಸರು ದುಡಿಯುವ ದೊಡ್ಡ ಕಾರ್ಖಾನೆಗಳಲ್ಲಿ ಕೂಸುಗಳಿಗೆ ಕೋಣೆಯಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತು. 50 ಮಂದಿ ದುಡಿಯುವಲ್ಲೆಲ್ಲ ಇರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿ ಬಂತು. ನಿಮ್ಮ ಗಿರಣಿಯಲ್ಲಿ ಆ ಕೋಣೆ ಎಲ್ಲಿದೆ? ಅದರಲ್ಲಿ ತೊಟ್ಟಿಲಿದೆಯೋ, ಹರಿದ ಚೀಲಗಳಿವೆಯೋ? ಹಳ್ಳಿಯ ಕೂಲಿಕಾರರ ಮಕ್ಕಳಿಗಾಗಿ 2023ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ 4,000 ಕೂಸಿನ ಮನೆಗಳನ್ನು ಘೋಷಿಸಿತು, ಒಳ್ಳೆಯದೇ ಆಯಿತು. ಪಟ್ಟಣದ ಗಿರಣಿಯವಳ ಕೂಸು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಮಗುವನ್ನು ಮಲಗಿಸಿಕೊಂಡು ವ್ಯಾಪಾರ ಮಾಡುವವಳ ಕೂಸು, ಇವು ಕೂಸುಗಳಲ್ಲವೇ? 1975ರಲ್ಲಿ ಆರಂಭವಾದ ಅಂಗನವಾಡಿಗಳನ್ನು ನಡೆಸುವ ತಾಯಂದಿರು ಇಷ್ಟು ವರ್ಷ ದುಡಿದರೂ ಪಡೆಯುತ್ತಿರುವುದು ಗೌರವಧನ, ಸಂಬಳವಲ್ಲ.

ಆದಕಾರಣ ನಮ್ಮ ಒತ್ತಾಯವಿಷ್ಟು: ಶಿಶುಪಾಲನೆಯ ಪಾಠ ಏಳು, ಎಂಟನೆಯ ತರಗತಿಗಳಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ನಡೆಯಲಿ. ಅದಕ್ಕೆ ಪಾಸು ಫೇಲು ಬೇಡ. ಪಾಠದ ದಿನ ಅಂಗನವಾಡಿಯ ತಾಯಿಯೇ ಬಂದು ಕಲಿಸಲಿ, ಆ ಕೆಲಸಕ್ಕೆ ಆಕೆಗೆ ಕೂಲಿ ಸಲ್ಲಲಿ. ಕಾಯಿದೆಯ ಪುಸ್ತಕದಲ್ಲಿರುವ ತೊಟ್ಟಿಲು ಗಿರಣಿಯೊಳಗೆ ಬರಲಿ.

ಕಾರ್ಮಿಕ ಬಂಧುಗಳು ಈ ಮಾತನ್ನು ಸಂಘದ ಸಭೆಯಲ್ಲಿ ಎತ್ತಬೇಕು. ಮಕ್ಕಳನ್ನು ಸರಕಾರಿ ಶಾಲೆಗೆ ಕಳಿಸುವವರು ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋಗಿ ಕೇಳಬೇಕು. ಕೇಳದವರ ಮನೆಗೆ ಯಾವ ಸರಕಾರವೂ ತೊಟ್ಟಿಲು ಹೊತ್ತು ತಂದದ್ದಿಲ್ಲ.