ಹಿರಿಯನ ತರುವಾಯ ಯಾರು?

ಸರ್ವರಿಗೂ ಸೇರಿದ ಕಾರ್ಯವೊಂದನ್ನು ಆರಂಭಿಸಿದ ವ್ಯಕ್ತಿಯು, ಆರಂಭಿಸಿದನೆಂಬ ಒಂದೇ ಕಾರಣದಿಂದ, ಆಜೀವಪರ್ಯಂತ ಅದರ ಯಜಮಾನನಾಗಿರಬೇಕೇ ಎಂಬ ಪ್ರಶ್ನೆ, ಆಕರ ಸಂಕೇತವನ್ನು ಯಾರಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಜಗತ್ತನ್ನು ಬಹುಕಾಲದಿಂದ ಕಾಡುತ್ತಿದೆ. ಇದು ದೂರದೇಶದ ತಂತ್ರಜ್ಞರ ಒಳಜಗಳವೆಂದು ನಾವು ಉದಾಸೀನರಾಗುವಂತಿಲ್ಲ. ಲಕ್ಷ್ಮೇಶ್ವರದ ವರ್ತಕನ, ಶಿರಹಟ್ಟಿಯ ವಿದ್ಯಾರ್ಥಿಯ, ಮುಂಡರಗಿಯ ರೈತನ ಕೈಯಲ್ಲಿರುವ ಆಂಡ್ರಾಯ್ಡ್ ಫೋನು ನಡೆಯುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ತಳಹದಿಯ ಮೇಲೆಯೇ.

ವ್ಯಕ್ತಿಪ್ರಧಾನ ಪದ್ಧತಿಯ ಪಕ್ಷಪಾತಿಗಳು ನಮ್ಮ ಗುರುಪರಂಪರೆಯನ್ನೇ ಸಾಕ್ಷಿಗೆ ಕರೆಯಬಹುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ತರುವಾಯ, ಅಂಧರ ಹಾಗೂ ಅನಾಥರ ಆ ಆಶ್ರಯಸ್ಥಾನದ ಭಾರವನ್ನು ಪುಟ್ಟರಾಜ ಗವಾಯಿಗಳು 2010ರವರೆಗೆ ಹೊತ್ತರಲ್ಲವೇ? ನಿಜ, ಆದರೆ ಆ ಹಸ್ತಾಂತರದ ಹಿಂದೆ ಬಾಲ್ಯದಿಂದಲೇ ಗುರುಸನ್ನಿಧಿಯಲ್ಲಿ ನಡೆದ ದೀರ್ಘಸಾಧನೆಯಿತ್ತು, ಶಿಷ್ಯನ ವಿದ್ಯೆಯನ್ನೂ ಶೀಲವನ್ನೂ ಗುರುಗಳು ವರ್ಷಾನುವರ್ಷ ಒರೆಗೆ ಹಚ್ಚಿದ್ದರು. ಪರಸ್ಪರ ಮುಖಪರಿಚಯವೇ ಇಲ್ಲದವರು ಕೂಡಿ ದುಡಿಯುವ ತಂತ್ರಾಂಶದಲ್ಲಿ ಆ ಸಾನ್ನಿಧ್ಯವೆಲ್ಲಿಯದು?

ಅದರ ಅಭಾವದ ಫಲವನ್ನು ಜಗತ್ತು ಕಂಡಿದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಧನವನ್ನು ಒಬ್ಬರೇ ನಿರ್ವಹಿಸುತ್ತಿದ್ದ ಲಾಸೆ ಕಾಲಿನ್ ಬಳಲಿದ್ದ ಕಾಲದಲ್ಲಿ ಅಪರಿಚಿತರ ತಗಾದೆ ಹೆಚ್ಚಿತು. ನೆರವಿನ ನೆಪದಿಂದ ಬಂದ ಜಿಯಾ ಟ್ಯಾನ್ ಎಂಬ ಹೆಸರಿನವನು ವಿಶ್ವಾಸ ಗಳಿಸಿ, ಸಹನಿರ್ವಾಹಕನಾಗಿ, 2024ರ ಫೆಬ್ರವರಿಯಲ್ಲಿ ಅದರೊಳಗೆ ಕಳ್ಳಬಾಗಿಲನ್ನು ಇರಿಸಿದನು. ಆ ಸಾಧನವಿದ್ದ ಗಣಕದಲ್ಲಿ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಗಮನಿಸಿ ಅದರ ಬೆನ್ನು ಹತ್ತದೆ ಇದ್ದಿದ್ದರೆ, ಅನರ್ಥಕ್ಕೆ ಮೇರೆಯಿರುತ್ತಿರಲಿಲ್ಲ.

ಪೈಥಾನ್ ಭಾಷೆಯವರು ಬೇರೆ ದಾರಿ ಹಿಡಿದರು. ಅದರ ಜನಕ ಗೀಡೋ ವ್ಯಾನ್ ರೋಸಮ್ ವಾದವಿವಾದಗಳಿಂದ ಬೇಸತ್ತು 2018ರ ಜುಲೈಯಲ್ಲಿ ಪದತ್ಯಾಗ ಮಾಡಿ, ಉತ್ತರಾಧಿಕಾರಿಯನ್ನು ಹೆಸರಿಸದೆ, ನಿರ್ಣಯವನ್ನು ಸಹೋದ್ಯೋಗಿಗಳಿಗೇ ಬಿಟ್ಟರು. ಆ ಸಹೋದ್ಯೋಗಿಗಳು ಮತದಾನದಿಂದ ಐವರ ಮಂಡಳಿಯನ್ನು ಸ್ಥಾಪಿಸಿ, ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಅದರಲ್ಲಿ ಇರಕೂಡದೆಂದು ವಿಧಿಸಿದರು. ಮತ ಎಣಿಸಿ ತಂತ್ರಾಂಶ ಬರೆಯಲಾಗದೆಂಬ ಆಕ್ಷೇಪಕ್ಕೆ ಇಲ್ಲಿಯೇ ಉತ್ತರವಿದೆ: ಮತದಿಂದ ನಿಶ್ಚಿತವಾಗುವುದು ತೀರ್ಮಾನಿಸುವವರು ಯಾರೆಂಬುದು, ತೀರ್ಮಾನವಲ್ಲ.

ಈ ವಿವೇಕವು ಗದಗ ಸೀಮೆಗೆ ಹೊಸದಲ್ಲ. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಹಿರಿಯರೊಬ್ಬರ ಉತ್ಸಾಹದಿಂದ ಹುಟ್ಟಿದ್ದು ಸದಸ್ಯರ ಮತ, ಬರೆದಿಟ್ಟ ಉಪನಿಯಮ, ಲೆಕ್ಕಪರಿಶೋಧನೆಗಳ ಆಧಾರದಿಂದ ಅವರ ಕಾಲವನ್ನು ಮೀರಿ ಬಾಳಬೇಕೆಂಬುದೇ ಸಹಕಾರದ ತತ್ತ್ವ.

ಆದಕಾರಣ, ಅಚ್ಚುಕೂಟಗಳಿಗೆ ಹೆಸರಾದ ಗದಗ-ಬೆಟಗೇರಿಯವರೂ ಸೇರಿದಂತೆ ಕನ್ನಡದ ಮುಕ್ತ ಫಾಂಟು, ಕೀಲಿಮಣೆ, ನಿಘಂಟುಗಳನ್ನು ಬಳಸುವವರೆಲ್ಲರೂ ಅವುಗಳ ನಿರ್ಮಾಪಕರನ್ನು ಗೌರವದಿಂದಲೇ ಮೂರು ಸಂಗತಿ ಕೇಳಬೇಕು: ಪ್ರಕಟಣೆಯ ಅಧಿಕಾರವಿರುವ ಎರಡನೆಯವರು ಯಾರು? ನಿರ್ವಾಹಕರ ಅವಧಿ ಎಷ್ಟು? ಅಧಿಕಾರದ ಹಸ್ತಾಂತರಕ್ಕೆ ಲಿಖಿತ ನಿಯಮವೇನು? ಸ್ಥಾಪಕನಿಗೆ ಸಲ್ಲುವ ಗೌರವ ಶಾಶ್ವತವಾಗಿರಲಿ. ಅವನ ಅಧಿಕಾರಕ್ಕೆ ಮಾತ್ರ ಅವಧಿಯಿರಲಿ. ಈ ಭೇದವನ್ನು ಒಪ್ಪದ ಯೋಜನೆಯ ಆಕರ ಸಂಕೇತವು ಎಷ್ಟೇ ಮುಕ್ತವಾಗಿದ್ದರೂ ಅದರ ಆಡಳಿತವನ್ನು ಮುಕ್ತವೆನ್ನಲಾಗದು.