ಸಾಲ ಇತ್ಯರ್ಥ ಕಂಪನಿಗಳು: ಶುಲ್ಕವಿದೆ, ಅಧಿಕಾರ ಎಲ್ಲಿದೆ?

ಬೆಂಗಳೂರು: ಕ್ರೆಡಿಟ್ ಕಾರ್ಡ್ ಬಾಕಿ ಹಾಗೂ ವೈಯಕ್ತಿಕ ಸಾಲದ ಕಂತು ಕಟ್ಟಲಾಗದೆ ಕಂಗೆಟ್ಟ ಸಂಬಳದಾರರಿಗೆ ‘ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ’ ಎಂದು ಭರವಸೆ ನೀಡುವ ಖಾಸಗಿ ಕಂಪನಿಗಳು ನಗರಗಳಲ್ಲಿ ನೆಲೆಯೂರಿವೆ. ಇವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದು ಸಾಲಗಾರರ ಚಿಂತೆ. ಆದರೆ ಸಾಲ ಕೊಟ್ಟವರನ್ನು ಒಪ್ಪಂದಕ್ಕೆ ಬದ್ಧರನ್ನಾಗಿಸುವ ಅಧಿಕಾರ ಇವುಗಳಲ್ಲಿ ಯಾವುದಕ್ಕೂ ಇಲ್ಲ.

ಹಾಗೆಂದು ಕಾನೂನು ಇಲ್ಲವೆಂದಲ್ಲ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳ ಸಾಲಕ್ಕೆಂದೇ ರೂಪುಗೊಂಡಿದೆ. ಅದರಂತೆ ಅರ್ಜಿ ಸಲ್ಲಿಕೆಯಾದೊಡನೆ ವಸೂಲಿ ಕ್ರಮಗಳಿಗೆ ಮಧ್ಯಂತರ ತಡೆ ಬೀಳುತ್ತದೆ. ಮತ ಹಾಕಿದ ಸಾಲದಾತರಲ್ಲಿ ಮೌಲ್ಯದ ಮುಕ್ಕಾಲು ಪಾಲಿಗೂ ಮಿಕ್ಕಿದವರು ಮರುಪಾವತಿ ಯೋಜನೆಗೆ ಒಪ್ಪಿ, ಸಾಲ ವಸೂಲಾತಿ ನ್ಯಾಯಮಂಡಳಿ ಅನುಮೋದಿಸಿದರೆ, ಯೋಜನೆಯಲ್ಲಿ ಹೆಸರಿರುವ ಉಳಿದವರೂ ಅದಕ್ಕೆ ತಲೆಬಾಗಬೇಕು. ಆದರೆ 2019ರ ಡಿಸೆಂಬರ್ 1ರಂದು ಈ ಭಾಗವನ್ನು ಜಾರಿಗೊಳಿಸಿದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಉದ್ಯಮಿಗೆ ದೊರೆತ ಬಾಗಿಲು ಗುಮಾಸ್ತನಿಗೆ ತೆರೆಯಲಿಲ್ಲ. ಆತನ ಪಾಲಿಗೆ ಉಳಿದದ್ದು 500 ರೂಪಾಯಿ ಸಾಲವನ್ನೇ ಮಿತಿಯಾಗಿ ಇಟ್ಟುಕೊಂಡಿರುವ 1920ರ ಪ್ರಾಂತೀಯ ದಿವಾಳಿ ಕಾಯಿದೆ!

ಬ್ರಿಟನ್ನಿನಲ್ಲಿ 1986ರ ಕಾಯಿದೆಯಡಿ ಇಂಥ ಒಪ್ಪಂದವನ್ನು ಪರವಾನಗಿ ಪಡೆದ ವೃತ್ತಿಪರರೇ ನಿರ್ವಹಿಸಬೇಕು. ಅಲ್ಲಿಯೂ ದಲ್ಲಾಳಿಗಳು ಕಮಿಷನ್ ಹೆಚ್ಚು ದೊರೆಯುವ ಪರಿಹಾರಗಳತ್ತಲೇ ಸಾಲಗಾರರನ್ನು ತಳ್ಳುವ ಅಪಾಯ ಕಂಡುಬಂದುದರಿಂದ, ಹಣಕಾಸು ನಿಯಂತ್ರಕರು ಸಾಲ ಸಲಹಾ ಮಧ್ಯವರ್ತಿಗಳ ಶಿಫಾರಸು ಶುಲ್ಕವನ್ನು 2023ರ ಅಕ್ಟೋಬರ್‌ನಲ್ಲಿ ನಿಷೇಧಿಸಿದರು.

ಇಲ್ಲಿಯ ಅನೇಕ ಕಂಪನಿಗಳ ಕ್ರಮ ಬೇರೆ. ಬ್ಯಾಂಕಿಗೆ ಕಂತು ಕಟ್ಟುವುದನ್ನು ನಿಲ್ಲಿಸಿ, ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕೂಡಿಡಿ, ಬ್ಯಾಂಕ್ ತಾನಾಗಿ ಇಳಿದುಬರುತ್ತದೆ ಎಂಬುದೇ ಅವುಗಳ ಸಲಹೆ. ಅಲ್ಲಿಯವರೆಗೆ ಬಡ್ಡಿಯಂತೂ ನಿಲ್ಲುವುದಿಲ್ಲ. ಚೆಕ್ ಮರಳಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಂ, ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ತಪ್ಪಿದರೆ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೇ ಕಲಂ ಎದುರಾಗಬಹುದು. ಎರಡರಲ್ಲೂ ಎರಡು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಕಟಕಟೆಯಲ್ಲಿ ನಿಲ್ಲಬೇಕಾದವನು ಸಾಲಗಾರನೇ ಹೊರತು ಸಲಹೆ ಕೊಟ್ಟ ಕಂಪನಿಯಲ್ಲ. ಇತ್ಯರ್ಥವಾದ ಮೇಲೂ ಸಾಲದ ಇತಿಹಾಸದಲ್ಲಿ ‘ಸೆಟಲ್ಡ್’ ಎಂಬ ಕಲೆ ಉಳಿಯುತ್ತದೆ. 2023ರ ಜೂನ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಕೃಷಿಯೇತರ ಸಾಲಗಳಲ್ಲಿ ಅದೇ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ನೀಡುವಂತಿಲ್ಲ.

ಇಷ್ಟಾದರೂ ಕಂಪನಿಯ ನೆರವು ಬೇಕೆನ್ನುವವರು ಮೊದಲು ನೋಡಬೇಕಾದುದು ಶುಲ್ಕದ ಲೆಕ್ಕ. ಅದು ಒಟ್ಟು ಸಾಲದ ಮೇಲೋ, ಉಳಿತಾಯವಾದ ಮೊತ್ತದ ಮೇಲೋ? ಇತ್ಯರ್ಥಕ್ಕೆ ಮೊದಲೇ ಕೊಡಬೇಕೋ, ನಂತರವೋ? ಕೂಡಿಟ್ಟ ಹಣ ಯಾರ ಹೆಸರಿನಲ್ಲಿರುತ್ತದೆ ಎಂಬುದು ಇನ್ನೂ ಮುಖ್ಯ. ಬ್ಯಾಂಕಿನದೇ ಇತ್ಯರ್ಥ ಪತ್ರ ಕೈಸೇರದೆ ಹಣ ಬಿಡುವುದು ಸರಿಯಲ್ಲ. ಬಿಟ್ಟರೂ ಅದು ನೇರವಾಗಿ ಸಾಲದ ಖಾತೆಗೇ ಜಮೆಯಾಗಬೇಕು.

ವಸೂಲಿ ಏಜೆಂಟರ ಕಾಟ ತಪ್ಪಿಸುವುದಾಗಿ ಹೇಳಿ ಶುಲ್ಕ ಕೇಳುವವರೂ ಇದ್ದಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಸೂಚಿಸಿದ್ದು, ಈ ರಕ್ಷಣೆಗೆ ಕಾಸು ಖರ್ಚಿಲ್ಲ. ರಾಜಿ ಇತ್ಯರ್ಥಕ್ಕೆ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕೆಂದು 2023ರ ಸುತ್ತೋಲೆಯೇ ಬ್ಯಾಂಕುಗಳಿಗೆ ಹೇಳಿರುವುದರಿಂದ, ಗ್ರಾಹಕ ನೇರವಾಗಿಯೂ ಲಿಖಿತ ಪ್ರಸ್ತಾವ ಸಲ್ಲಿಸಬಹುದು. ಮೊಕದ್ದಮೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ಹೋಗುವ ದಾರಿಯೂ ಇದೆ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಗೆ ಅವಕಾಶವಿಲ್ಲ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಸಲ್ಲಿಸಬಹುದು.