ಮೇಸ್ತ್ರಿ ಬಾಯಿ ಯಾರದು?

'ಮೇಸ್ತ್ರಿ ಹತ್ರ ಹೊಂದ್ಕೊಂಡು ಹೋಗಮ್ಮ. ಬಾಯಿ ಮಾಡಿದ್ರೆ ನಿನಗೇ ತೊಂದ್ರೆ.'

ಗೆಳೆಯರೆ, ಪೊರಕೆ ಹಿಡಿದು ರಸ್ತೆ ಗುಡಿಸುವ ನಮ್ಮ ಅವ್ವಂದಿರಿಗೆ, ಅಕ್ಕಂದಿರಿಗೆ ಈ ಬುದ್ಧಿಮಾತು ಹೇಳದವರೇ ಇಲ್ಲ. ಕಚೇರಿಯ ಗುಮಾಸ್ತ ಹೇಳುತ್ತಾನೆ. ವಾರ್ಡಿನ ಪುಢಾರಿ ಹೇಳುತ್ತಾನೆ. ದೂರು ಕೊಡಲು ಹೋದರೆ ಠಾಣೆಯಲ್ಲೂ ಇದೇ ಮಾತು. 'ಏನೋ ಕೋಪದಲ್ಲಿ ಒಂದು ಮಾತು ಅಂದ, ಬಿಡು' ಅಂತಾರೆ. 'ಆ ಮೇಸ್ತ್ರಿ ಸರಿಯಿಲ್ಲ, ಬೇರೆ ವಾರ್ಡಿಗೆ ಹಾಕಿಸ್ತೀವಿ' ಅಂತಾರೆ. ನಾವು ಕೇಳುವುದು ಇಷ್ಟೆ: ಬೇರೆ ವಾರ್ಡಿಗೆ ಹೋದರೂ ಅದೇ ಬೈಗುಳ ಯಾಕೆ ಕಾದಿರುತ್ತದೆ? ಎಲ್ಲ ಮೇಸ್ತ್ರಿಗಳೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇನು? ಅಲ್ಲ. ಹಾಗಾದರೆ ಬೈಯುವ ಆ ಬಾಯಿ ಬರೀ ಅವನದಲ್ಲ. ಮೇಲಿನವರು ಅವನಿಗೆ ಕೊಟ್ಟಿರುವ ಬಾಯಿ ಅದು.

ಕಸ ಗುಡಿಸುವುದು ಹೂವೆತ್ತಿದ ಹಾಗಲ್ಲ. ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು. ಗಂಟೆಗಟ್ಟಲೆ ಸೊಂಟ ಬಗ್ಗಿಸಿ ಗುಡಿಸಬೇಕು. ತುಂಬಿದ ತಳ್ಳುಗಾಡಿಯನ್ನು ಏರಿನಲ್ಲಿ ತಳ್ಳಬೇಕು. ಕೊಳೆತ ಅನ್ನ, ಒಡೆದ ಬಾಟ್ಲಿ, ಸತ್ತ ನಾಯಿ, ಆಸ್ಪತ್ರೆಯ ಸೂಜಿ, ಎಲ್ಲಕ್ಕೂ ಕೈ ಹಾಕಬೇಕು. ಒಂದಕ್ಕೆ ಹೋಗಲು ಜಾಗವಿಲ್ಲವೆಂದು ಹೆಂಗಸರು ನೀರನ್ನೇ ಕುಡಿಯದೆ ಮಧ್ಯಾಹ್ನದವರೆಗೂ ಬಿಸಿಲಲ್ಲಿ ದುಡಿಯುತ್ತಾರೆ. ಇದರ ಮೇಲೆ ಬೈಕಿನಲ್ಲಿ ಬಂದು ನಿಲ್ಲುತ್ತಾನೆ ಮೇಸ್ತ್ರಿ. ತಾಯಿಯ ವಯಸ್ಸಿನವಳಿಗೆ 'ಏಯ್ ಬಾರೇ ಇಲ್ಲಿ' ಅಂತಾನೆ. 'ಅನ್ನ ತಿಂದಿಲ್ವೇನೇ, ಕೈ ಬೀಸಿ ಗುಡಿಸು' ಅಂತಾನೆ. ಅವಳು ಅವನನ್ನು 'ಅಣ್ಣಾ' ಅನ್ನಬೇಕು, 'ಸಾರ್' ಅನ್ನಬೇಕು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ವೇದಿಕೆ ಹತ್ತಿಸಿ ಶಾಲು ಹೊದಿಸುವ ಮಹನೀಯರೇ, 24ನೇ ತಾರೀಖು ಬೆಳಿಗ್ಗೆ ಬಂದು ಈ ಏಕವಚನವನ್ನು ಒಂದಿಷ್ಟು ಕೇಳಿಸಿಕೊಳ್ಳಿ!

ಮೇಸ್ತ್ರಿಯ ಶಕ್ತಿ ಎಲ್ಲಿದೆ? ಮೂರು ವಸ್ತುಗಳಲ್ಲಿದೆ. ಒಂದು, ಹಾಜರಿ. ಬಂದವಳನ್ನು ಬಂದಿಲ್ಲ ಅನ್ನಬಲ್ಲ, ಐದು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸಬಲ್ಲ. ಎರಡು, ಜಾಗ. ಎದುರು ಮಾತಾಡಿದವಳಿಗೆ ಮಾರ್ಕೆಟ್ಟಿನ ಬೀದಿ, ಬಾಯಿ ಮುಚ್ಚಿಕೊಂಡವಳಿಗೆ ಮರದ ನೆರಳಿನ ಬೀದಿ. ಮೂರು, ಸಾಮಾನು. ಪೊರಕೆ, ಗ್ಲೌಸು, ಬೂಟು ಅವನ ಕೈಯಿಂದಲೇ ಬರಬೇಕು. ಈ ಮೂರನ್ನು ಕಿತ್ತುಕೊಂಡು ನೋಡಿ, ಮೇಸ್ತ್ರಿಯ ಗಂಟಲು ತಾನಾಗಿ ಇಳಿಯುತ್ತದೆ.

ಈ ಮೂರನ್ನು ಅವನ ಕೈಗೆ ಕೊಟ್ಟವರು ಯಾರು? ಗುತ್ತಿಗೆ ಪದ್ಧತಿ. ವರ್ಷಾನುಗಟ್ಟಲೆ ಬೆಂಗಳೂರಿನಲ್ಲಿ ಪಾಲಿಕೆ ಗುತ್ತಿಗೆದಾರನಿಗೆ ದುಡ್ಡು ಕೊಡುತ್ತಿತ್ತು, ಗುತ್ತಿಗೆದಾರ ತಲೆ ಲೆಕ್ಕ ತೋರಿಸುತ್ತಿದ್ದ, ಆ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿತ್ತು. 2017ರಲ್ಲಿ ಬೆರಳಚ್ಚಿನ ಹಾಜರಿ ತಂದಾಗ ಏನಾಯಿತು? ಪಟ್ಟಿಯಲ್ಲಿದ್ದ ಸಾವಿರಾರು ಹೆಸರುಗಳಿಗೆ ಬೆರಳೇ ಸಿಗಲಿಲ್ಲ! ಇಲ್ಲದ ಆ ಜನರ ಸಂಬಳ ಯಾರ ಜೇಬಿಗೆ ಹೋಯಿತೋ ಅದನ್ನು ಹೇಳಬೇಕಾದವರು ಹೇಳಲಿ. ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ. ಇಲ್ಲದ ಆ ಜನರ ಪಾಲಿನ ರಸ್ತೆಗಳನ್ನು ಗುಡಿಸಿದವರು ಯಾರು? ಇದ್ದ ಜನ. ಒಬ್ಬಳ ಕೈಯಲ್ಲಿ ಇಬ್ಬರ ಕೆಲಸ ತೆಗೆಯಬೇಕಾದರೆ ಬೈಯಲೇಬೇಕು, ಹೆದರಿಸಲೇಬೇಕು. ಬೈಗುಳ ಮೇಸ್ತ್ರಿಯ ಸಿಟ್ಟಲ್ಲ ಗೆಳೆಯರೆ, ಅದು ಗುತ್ತಿಗೆದಾರನ ಲಾಭ ತೆಗೆಯುವ ಬಾರುಕೋಲು.

ಸರ್ಕಾರದ ಲೆಕ್ಕವೂ ಇದೇ ದಾರಿ ಹಿಡಿದಿದೆ. 1976ರ ಐ.ಪಿ.ಡಿ. ಸಾಲಪ್ಪ ವರದಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತು. ಮುಂದೆ ಸರ್ಕಾರ ಅದನ್ನು 700 ಜನರಿಗೆ ಒಬ್ಬ ಅಂತ ಮಾಡಿಕೊಂಡಿತು. ಊರು ಬೆಳೆಯಿತು, ಕಸ ಬೆಳೆಯಿತು, ಕೈಗಳು ಮಾತ್ರ ಕಡಿಮೆಯಾದವು. ವಿಧಾನಸೌಧದಲ್ಲಿ ಒಂದು ಅಂಕಿ ತಿದ್ದಿದರೆ ಬೀದಿಯಲ್ಲಿ ಒಬ್ಬ ಹೆಂಗಸಿನ ಸೊಂಟ ಮುರಿಯುತ್ತದೆ.

ಬಾಬಾಸಾಹೇಬರು 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರ ಮುಂದೆ ಇದನ್ನೇ ಬಿಡಿಸಿಟ್ಟರು. ದಲಿತ ಗ್ಯಾಂಗ್‌ಮನ್ ಆಗಿ ಸೇರುತ್ತಾನೆ, ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾನೆ. ಅವನಿಗೆ ಪೋರ್ಟರ್ ಕೆಲಸವೂ ದಕ್ಕುವುದಿಲ್ಲ, ಯಾಕಂದ್ರೆ ಪೋರ್ಟರ್ ಕೈಲಿ ಸ್ಟೇಷನ್ ಮಾಸ್ಟರ್ ಮನೆಗೆಲಸ ಮಾಡಿಸಿಕೊಳ್ಳಬೇಕು, ಮುಟ್ಟಬಾರದವನನ್ನು ಮನೆಯೊಳಗೆ ಬಿಡುವುದು ಹೇಗೆ? ಕಾರ್ಮಿಕರಿಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದು ಅವರು ಹೇಳಿದ್ದು ಆ ಸಭೆಯಲ್ಲೇ. ಮೇಸ್ತ್ರಿಯ ಒಂದೇ ಬೈಗುಳದಲ್ಲಿ ಇಬ್ಬರೂ ಇದ್ದಾರೆ. 'ಬೇಗ ಗುಡಿಸು' ಅನ್ನುವುದು ಬಂಡವಾಳ. ಅದರ ಜೊತೆಗೆ ಸೇರಿಸುವ ಆ ಜಾತಿಯ ಮಾತು ಇದೆಯಲ್ಲ, ಅದು ಸಾವಿರಾರು ವರ್ಷದ್ದು.

'ಮೇಸ್ತ್ರಿಯೂ ನಿಮ್ಮವನೇ ಅಲ್ವೇನ್ರಯ್ಯ?' ಅಂತ ನಗುವವರಿದ್ದಾರೆ. ಹೌದು, ಎಷ್ಟೋ ಕಡೆ ನಮ್ಮವನೇ. ನಿನ್ನೆಯವರೆಗೆ ಪೊರಕೆ ಹಿಡಿದವನು ಇವತ್ತು ಪುಸ್ತಕ ಹಿಡಿದಿದ್ದಾನೆ. ನಮ್ಮ ಕೈಯಿಂದಲೇ ನಮ್ಮ ಕಣ್ಣು ತಿವಿಸುವುದು ಈ ದೇಶದ ಯಜಮಾನರ ಹಳೆಯ ವಿದ್ಯೆ. ಇದರಲ್ಲಿ ಅವರಿಗೆ ಇನ್ನೊಂದು ಲಾಭವೂ ಇದೆ. ಬೈದವನು ಪರಿಶಿಷ್ಟ ಜಾತಿಯವನಾದರೆ ದೌರ್ಜನ್ಯ ತಡೆ ಕಾಯ್ದೆ ಅವನ ಮೇಲೆ ಬರುವುದಿಲ್ಲ. ಮೇಲಿನವರು ಕೈ ತೊಳೆದುಕೊಂಡು ಕೂತಿರುತ್ತಾರೆ. ಆದ್ದರಿಂದ ಮೇಸ್ತ್ರಿಯ ತಲೆ ಒಡೆದರೆ ಮುಗಿಯಿತು ಅನ್ನುವ ಬಿಸಿರಕ್ತದ ಗೆಳೆಯರಿಗೂ ನಮ್ಮ ಮಾತು ಒಂದೇ: ಜೈಲಿಗೆ ನೀನು ಹೋಗ್ತೀಯ, ಗುತ್ತಿಗೆದಾರ ಮಾರನೇ ದಿನವೇ ಇನ್ನೊಬ್ಬ ಮೇಸ್ತ್ರಿಯನ್ನು ತಂದು ನಿಲ್ಲಿಸ್ತಾನೆ.

ಹಾಗಾದರೆ ದಾರಿ? ದಾರಿಯನ್ನು ಪೌರಕಾರ್ಮಿಕರೇ ತೋರಿಸಿದ್ದಾರೆ. 2018ರಲ್ಲಿ ಬೆಂಗಳೂರಿನಲ್ಲಿ ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ಪದ್ಧತಿ ಬಂತು. ಆ ವರ್ಷವೇ ತಿಂಗಳುಗಟ್ಟಲೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕ ಪ್ರಾಣ ಕಳೆದುಕೊಂಡ. ಆ ಸಾವಿನ ಮೇಲೂ ಜನ ಎದ್ದು ನಿಂತರು. 2022ರ ಜುಲೈ 1ರಿಂದ ರಾಜ್ಯದ ಉದ್ದಗಲಕ್ಕೂ ಪೊರಕೆ ಕೆಳಗಿಟ್ಟರು. ಕೆಲವೇ ದಿನಗಳಲ್ಲಿ ಊರು ನಾರಿತು, ಸರ್ಕಾರ ಕೆಳಗಿಳಿದು ಬಂದು ಮಾತಾಡಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಇದು ಯಾವ ಮಂತ್ರಿಯ ಭಿಕ್ಷೆಯೂ ಅಲ್ಲ, ಒಟ್ಟಾಗಿ ಕೆಳಗಿಟ್ಟ ಪೊರಕೆಗಳ ಗೆಲುವು. ಆದರೆ ಅದೇ ಕಸ ಹೊರುವ ಗಾಡಿಗಳ ಚಾಲಕರು, ಸಹಾಯಕರು ಆ ಪಟ್ಟಿಯಲ್ಲಿ ಇರಲಿಲ್ಲ. ಕಾಯಂ ಪತ್ರ ಸಂಬಳದ ಭಯವನ್ನು ತೆಗೆಯುತ್ತದೆ, ಏಕವಚನವನ್ನು ತೆಗೆಯುವುದಿಲ್ಲ. ಅದಕ್ಕೆ ಬೇರೆ ಕೆಲಸವೇ ಬೇಕು.

ಆ ಕೆಲಸ ಹಾಸ್ಟೆಲಿನ ಗೆಳೆಯರದು. ಮೇಸ್ತ್ರಿಯ ಪುಸ್ತಕಕ್ಕೆ ಉತ್ತರ ನಮ್ಮ ಪುಸ್ತಕ. ಭಾನುವಾರ ಎರಡು ಗಂಟೆ ಕೇರಿಯಲ್ಲಿ ಕೂತರೆ ಸಾಕು.

1. ಪ್ರತಿಯೊಬ್ಬರಿಗೂ ಒಂದು ನೋಟುಪುಸ್ತಕ ಮಾಡಿಕೊಡಿ. ಹೋದ ದಿನ, ಹೋದ ಹೊತ್ತು, ಗುಡಿಸಿದ ಬೀದಿ, ಕೊಟ್ಟ ಸಾಮಾನು ಬರೆಯಿರಿ. ತಿಂಗಳ ಕೊನೆಗೆ ಸಂಬಳದ ಜೊತೆ ತಾಳೆ ನೋಡಿ. ಕತ್ತರಿಸಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಜರಿ ದಾಖಲೆ ಕೇಳಿ.

2. ಜಾತಿ ಎತ್ತಿ ಬೈದರೆ ಬೈದ ಮಾತನ್ನು ಇದ್ದ ಹಾಗೇ ಬರೆಯಿರಿ. ತಾರೀಖು, ಜಾಗ, ಕೇಳಿಸಿಕೊಂಡವರ ಹೆಸರು ಇರಲಿ. 1989ರ ಕಾಯ್ದೆ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದದ್ದನ್ನು ಅಪರಾಧ ಅನ್ನುತ್ತದೆ. ರಸ್ತೆಗಿಂತ ಬೇರೆ ಜಾಗ ಬೇಕೆ?

3. ಮೈಮೇಲೆ ಕೈ ಹಾಕಿದರೆ, ಹೊಲಸು ಮಾತಾಡಿದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಿದೆ. ಮೂರು ತಿಂಗಳೊಳಗೆ ಸಮಿತಿಗೆ ಬರವಣಿಗೆಯಲ್ಲಿ ದೂರು ಹೋಗಬೇಕು. ಅಕ್ಷರ ಬಾರದಿದ್ದರೆ ಬರೆದುಕೊಳ್ಳುವುದು ಸಮಿತಿಯ ಹೊಣೆ. ಆದರೂ ಕಾಯಬೇಡಿ, ಅವರು ಹೇಳಿದ ಹಾಗೆ ನೀವೇ ಬರೆದುಕೊಡಿ.

4. ಮ್ಯಾನ್‌ಹೋಲಿಗೆ ಇಳಿ ಅಂದರೆ ಇಳಿಯುವುದಿಲ್ಲ ಅನ್ನುವುದು ಹಠವಲ್ಲ, ಕಾನೂನು. ರಕ್ಷಣೆಯ ಸಾಧನವಿಲ್ಲದೆ ಇಳಿಸಿದವನಿಗೆ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಹೇಳುತ್ತದೆ.

5. ಒಬ್ಬಳೇ ಹೋಗಿ ದೂರು ಕೊಡಬಾರದು. ಇಡೀ ಗ್ಯಾಂಗು ಹೋಗಬೇಕು. ಅರ್ಜಿ ಕೊಟ್ಟರೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬಾರದು. ಒಬ್ಬಳಾದರೆ ಅವಳು ಬಾಯಿಬಡುಕಿ, ಇಪ್ಪತ್ತು ಜನರಾದರೆ ಅದು ಸಂಘ.

ಕೊನೆಗೆ ನಮ್ಮೊಳಗೇ ಒಂದು ಮಾತು. ಇವತ್ತು ಈ ಪತ್ರಿಕೆ ಓದುತ್ತಿರುವವರಲ್ಲಿ ಕೆಲವರು ನಾಳೆ ಹೆಲ್ತ್ ಇನ್ಸ್‌ಪೆಕ್ಟರ್ ಆಗುತ್ತಾರೆ, ಇಂಜಿನಿಯರ್ ಆಗುತ್ತಾರೆ, ಕಮಿಷನರೂ ಆಗುತ್ತಾರೆ. ಆಗಲೇಬೇಕು, ಅದಕ್ಕೇ ಮೀಸಲಾತಿಗೆ ಹೋರಾಡಿದ್ದು. ಆದರೆ ಆ ಕುರ್ಚಿ ಸುಮ್ಮನೆ ಬರುವುದಿಲ್ಲ. ಕುರ್ಚಿಯ ಜೊತೆಗೆ ಆ ಬಾಯಿಯೂ ಬರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಸಾಲು ನಿಂತ ಹೆಂಗಸರ ಮುಂದೆ ನಮ್ಮ ಗೆಳೆಯ ಜೀಪಿನಿಂದ ಇಳಿದಾಗ 'ಏಯ್ ಬಾರೇ' ಅಂತಾನೋ, 'ಬನ್ನಿ ಅಮ್ಮ' ಅಂತಾನೋ? ಮಾತು ಬದಲಾದರೂ ಸಾಲದು. ಹಾಜರಿ ಪುಸ್ತಕವನ್ನು ಅವರ ಮುಂದೆ ಬಿಚ್ಚಿಡುತ್ತಾನೋ, ಕಂಕುಳಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೋ? ನಮ್ಮ ಓದಿನ ಪರೀಕ್ಷೆ ಅಲ್ಲಿ ನಡೆಯುತ್ತದೆ, ವಿಶ್ವವಿದ್ಯಾಲಯದಲ್ಲಲ್ಲ.

ಒಳ್ಳೆಯ ಮೇಸ್ತ್ರಿಯನ್ನು ಕೊಡಿ ಅಂತ ನಾವು ಬೇಡುವುದಿಲ್ಲ. ಒಳ್ಳೆಯ ಜಮೀನ್ದಾರನನ್ನು ಕೊಡಿ ಅಂತ ನಮ್ಮ ತಾತಂದಿರು ಬೇಡಿದ್ದು ಸಾಕು. ಹಾಜರಿ, ಜಾಗ, ಸಾಮಾನು ಮೂರೂ ದುಡಿಯುವವರ ಕಣ್ಣೆದುರಿಗೆ ಬರಲಿ. ಗುತ್ತಿಗೆ ಪದ್ಧತಿ ಬೇರುಸಹಿತ ಹೋಗಲಿ. ಗಾಡಿಯವರು, ಸಹಾಯಕರು ಎಲ್ಲರೂ ಕಾಯಂ ಆಗಲಿ.

ಪೊರಕೆ ಹಿಡಿದ ಕೈಗೆ ಪೆನ್ನು ಹಿಡಿದ ಕೈ ಸೇರಲಿ!
ಹೊಂದಿಕೊಂಡದ್ದು ಸಾಕು, ಒಂದಾಗೋಣ!
ಜೈ ಭೀಮ್!